1982ರ ಶಾಟೋ ಲಾಟೂರ್: ಬಾಟಲಿ ಪರೀಕ್ಷೆ, ಬಿರಡೆ ತೆಗೆಯುವ ಕ್ರಮ, ಡಿಕ್ಯಾಂಟ್ ಎಷ್ಟು ಹೊತ್ತು?

ಥೇಮ್ಸ್‌ದಂಡೆ

ಹರಾಜಿನಲ್ಲಿ ಕೊಂಡ ಬಾಟಲಿ: ಶಾಟೋ ಲಾಟೂರ್ (ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನ್), 1982, 75 ಸೆಂಟಿಲೀಟರ್. ಸದ್ಯಕ್ಕೆ ಲಂಡನ್ನಿನ ಬಾಡಿಗೆ ಗೋದಾಮಿನಲ್ಲಿ 13 ಡಿಗ್ರಿಯಲ್ಲಿ ಮಲಗಿದೆ. ವೈನಿನ ಮಟ್ಟ ಹೆಗಲಿನ ಮೇಲ್ತುದಿಗಿಂತ ತುಸು ಕೆಳಗಿದೆ. ಕ್ಯಾಪ್ಸೂಲ್ (ಬಿರಡೆಯನ್ನೂ ಕತ್ತನ್ನೂ ಮುಚ್ಚುವ ಲೋಹದ ಹೊದಿಕೆ) ಬೆರಳಲ್ಲಿ ತಿರುಗಿಸಿದರೆ ಅಲುಗುವುದಿಲ್ಲ. ಲೇಬಲ್ಲಿನ ಕೆಳಮೂಲೆಯಲ್ಲಿ ತೇವದ ಕಲೆ. ಹಿಂಬದಿಗೆ ಅಮೆರಿಕದ ಆಮದುದಾರರ ಚಿಕ್ಕ ಪಟ್ಟಿ ಅಂಟಿಸಿದ್ದಾರೆ. ಆರು ಜನ ಕೂತು ಕುಡಿಯುವ ಉದ್ದೇಶ, ಮಾರುವುದಲ್ಲ.

ಇದನ್ನು ನಂಬಬಹುದೇ? ಎಷ್ಟು ದಿನ ಮುಂಚೆ ನಿಲ್ಲಿಸಿಡಬೇಕು? ಬಿರಡೆ ಪುಡಿಯಾಗದ ಹಾಗೆ ತೆಗೆಯುವುದು ಹೇಗೆ? ಡಿಕ್ಯಾಂಟ್, ಅಂದರೆ ಮಡ್ಡಿ ಬಿಟ್ಟು ಬೇರೆ ಪಾತ್ರೆಗೆ ಸುರಿದು ಗಾಳಿಯಾಡಿಸುವ ವಿಷಯದಲ್ಲಂತೂ ಒಬ್ಬೊಬ್ಬರದು ಒಂದೊಂದು ಮಾತು.

ನೆಲಮಾಳಿಗೆ

ಮೊದಲು ಮಟ್ಟದ ಮಾತು. ಬೋರ್ಡೋ ಬಾಟಲಿಗೆ ಎದ್ದು ಕಾಣುವ ಹೆಗಲಿದೆ, ಹಾಗಾಗಿ ಅಳೆಯುವುದು ಸುಲಭ. ತುಂಬುವಾಗ ವೈನ್ ಕತ್ತಿನೊಳಗೆ ಬಿರಡೆಯ ಹತ್ತಿರದವರೆಗೆ ಇರುತ್ತದೆ. ಬಿರಡೆ ಪೂರ್ತಿ ಗಾಳಿಬಿಗಿಯಲ್ಲ; ವರ್ಷಗಳು ಹೋದಂತೆ ವೈನ್ ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ನಲವತ್ತು ದಾಟಿದ ಬಾಟಲಿಯಲ್ಲಿ ಮಟ್ಟ ಕತ್ತಿನ ಬುಡದಲ್ಲಿದ್ದರೆ ಸಂಗ್ರಹ ಬಹಳ ಚೆನ್ನಾಗಿತ್ತು ಎಂದರ್ಥ. ಹೆಗಲಿನ ಮೇಲ್ಭಾಗಕ್ಕೆ ಇಳಿದಿದ್ದರೆ ಆ ವಯಸ್ಸಿಗೆ ಸಹಜ. ಹೆಗಲಿನ ನಡುವಿಗೆ ಬಂದಿದ್ದರೆ ಅನುಮಾನ ಶುರು. ಅದಕ್ಕಿಂತ ಕೆಳಗಿದ್ದರೆ ಲೇಬಲ್ಲಿಗೆ ದುಡ್ಡು ಕೊಟ್ಟಂತೆ. ನಿಮ್ಮದು ಚಿಂತೆ ಮಾಡುವ ಮಟ್ಟವಲ್ಲ.

ಕ್ಯಾಪ್ಸೂಲ್ ತಿರುಗದಿದ್ದರೆ ಒಳಗೆ ವೈನ್ ಸೋರಿ ಅಂಟಿಕೊಂಡಿದೆ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಕೆಲವು ಬಾಟಲಿಗಳಿಗೆ ಮೊದಲೇ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಮೇಲ್ತುದಿ ಉಬ್ಬಿದೆಯೇ, ಅಂಚಿನಲ್ಲಿ ಜಿಗುಟು ಗೆರೆ ಇಳಿದಿದೆಯೇ ನೋಡಿ. ಬಿಸಿಗೆ ವೈನ್ ಹಿಗ್ಗುತ್ತದೆ, ಇರುವ ಖಾಲಿ ಜಾಗ ಸಾಲದೆ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ. ತಣಿದಾಗ ಅದೇ ದಾರಿಯಲ್ಲಿ ಗಾಳಿ ಒಳಗೆಳೆದುಕೊಳ್ಳುತ್ತದೆ. ಸಂಗ್ರಹದ ಉಷ್ಣತೆ ಒಂದು ಡಿಗ್ರಿ ಹೆಚ್ಚಿದ್ದರೂ ಸ್ಥಿರವಾಗಿದ್ದರೆ ಸಹಿಸಿಕೊಳ್ಳುತ್ತದೆ, ದಿನಾ ಏರಿಳಿತವಾದರೆ ಸಹಿಸುವುದಿಲ್ಲ.

ತೇವದ ಕಲೆ ಒಳ್ಳೆಯ ಸೂಚನೆ ಅಂತಲೇ ನಾನು ಹೇಳುವುದು. ತೇವ ಇದ್ದಲ್ಲಿ ಬಿರಡೆ ಒಣಗುವುದಿಲ್ಲ. 60ರಿಂದ 75 ಶೇಕಡಾ ಆರ್ದ್ರತೆ ಬಿರಡೆಗೆ ಹಿತ, ಲೇಬಲ್ಲಿಗೆ ಅಲ್ಲ.

ಆಮದುದಾರರ ಪಟ್ಟಿಯಲ್ಲಿ ಏನೇನು ಬರೆದಿದೆ, ಪೂರ್ತಿ ಹೇಳಿ. ಸಲ್ಫೈಟ್ (ವೈನ್ ಕೆಡದಂತೆ ಹಾಕುವ ರಾಸಾಯನಿಕ) ಇದೆ ಎಂಬ ಸಾಲು ಇದೆಯೇ? ಗರ್ಭಿಣಿಯರು ಕುಡಿಯಬಾರದು ಎಂಬ ಸರ್ಕಾರಿ ಎಚ್ಚರಿಕೆ?

ಥೇಮ್ಸ್‌ದಂಡೆ

ಎರಡೂ ಇಲ್ಲ. ಆಮದುದಾರರ ಹೆಸರು, ಊರು, 750 ಮಿಲಿಲೀಟರ್, ಮದ್ಯಾಂಶ. ಅಷ್ಟೇ. ಕ್ಯಾಪ್ಸೂಲ್ ಉಬ್ಬಿಲ್ಲ, ಜಿಗುಟೂ ಇಲ್ಲ.

ನೆಲಮಾಳಿಗೆ

ಹಾಗಾದರೆ ಲೆಕ್ಕ ಸರಿಹೋಗುತ್ತದೆ. ಅಮೆರಿಕದಲ್ಲಿ ಸಲ್ಫೈಟ್ ಸಾಲು ಕಡ್ಡಾಯವಾದದ್ದು 1987ರಲ್ಲಿ, ಆರೋಗ್ಯದ ಎಚ್ಚರಿಕೆ 1989ರ ನವೆಂಬರ್‌ನಲ್ಲಿ. 1982ರ ಬೋರ್ಡೋ ಸುಮಾರು 1985ರ ಹೊತ್ತಿಗೆ ಹಡಗು ಹತ್ತಿದ ಸರಕು. ಎರಡೂ ಸಾಲು ಇಲ್ಲದ ಪಟ್ಟಿ ಎಂದರೆ ಮೊದಲ ಸುತ್ತಿನಲ್ಲೇ ಅಮೆರಿಕಕ್ಕೆ ಹೋದ ಬಾಟಲಿ. ಎಚ್ಚರಿಕೆಯ ಸಾಲು ಇದ್ದಿದ್ದರೆ ನಕಲಿ ಎಂದಲ್ಲ, 1989ರ ನಂತರ ಎಲ್ಲಿಂದಲೋ ಅಲ್ಲಿಗೆ ಹೋಗಿದೆ ಎಂದಾಗುತ್ತಿತ್ತು. ಇನ್ನೊಂದು ಮುಖವೂ ಇದೆ. ಆ ಕಾಲದಲ್ಲಿ ಎಲ್ಲರೂ ತಂಪು ಕಂಟೇನರ್‌ನಲ್ಲಿ ಸಾಗಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ಅಟ್ಲಾಂಟಿಕ್ ದಾಟಿದ್ದರೆ ಅದರ ಗುರುತು ಮಟ್ಟದಲ್ಲೂ ಬಿರಡೆಯಲ್ಲೂ ಕಾಣಬೇಕು, ನಿಮ್ಮದರಲ್ಲಿ ಕಾಣುತ್ತಿಲ್ಲ.

ಮಸೂರ

ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟು ನೋಡಿ. ಲೇಬಲ್ ನೀಲಿಯಾಗಿ ಹೊಳೆದರೆ ನಕಲಿ.

ಗಷ್ಟು

ಈ ಬಾಟಲಿಗೆ ಆ ಪರೀಕ್ಷೆ ಹೊಂದುವುದಿಲ್ಲ. ಕಾಗದ ಬೆಳ್ಳಗೆ ಕಾಣಲಿ ಎಂದು ಸೇರಿಸುವ ಹೊಳಪಿನ ರಾಸಾಯನಿಕ 1950ರ ದಶಕದ ಕೊನೆಯಿಂದ ಬಳಕೆಗೆ ಬಂತು. 1945ರ ಬಾಟಲಿಯ ಲೇಬಲ್ ಹೊಳೆದರೆ ಅದು ದೊಡ್ಡ ಸುಳಿವು. 1982ರದು ಹೊಳೆದರೂ ಹೊಳೆಯದಿದ್ದರೂ ಏನೂ ಸಾಬೀತಾಗುವುದಿಲ್ಲ. ಸೀಸಿಯಂ-137 ಪರೀಕ್ಷೆಯದೂ ಇದೇ ಕಥೆ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಆ ವಸ್ತು 1945ಕ್ಕಿಂತ ಹಿಂದಿನ ವೈನಿನಲ್ಲಿ ಇರಬಾರದು, ಅಷ್ಟನ್ನು ಮಾತ್ರ ಅದು ಹೇಳುತ್ತದೆ. ಬಾಟಲಿ ತೆರೆಯದೆಯೇ ಅಳೆಯಬಹುದು ಎಂಬುದು ಅದರ ಹೆಚ್ಚುಗಾರಿಕೆ.

1982 ಎಂದರೆ ನಕಲಿಗಾರರ ಕಣ್ಣಿರುವ ವರ್ಷ. ನಕಲಿ ವೈನ್ ಮಾರುತ್ತಿದ್ದ ರೂಡಿ ಕುರ್ನಿಯಾವಾನ್‌ನನ್ನು 2012ರಲ್ಲಿ ಹಿಡಿದಾಗ ಅವನ ಮನೆಯಲ್ಲಿ ಸಾವಿರಾರು ನಕಲಿ ಲೇಬಲ್, ಹಳೆಯ ಬಿರಡೆ, ಮುದ್ರೆಗಳು ಸಿಕ್ಕವು. 2014ರಲ್ಲಿ 10 ವರ್ಷದ ಶಿಕ್ಷೆಯಾಯಿತು. ಆದರೆ ಅಂಥ ದೊಡ್ಡ ಕಾರ್ಖಾನೆಗಿಂತ ಸಾಮಾನ್ಯವಾದ ಮೋಸ ಬೇರೆ: ಕುಡಿದು ಮುಗಿಸಿದ ಅಸಲಿ ಬಾಟಲಿಗೆ ಅದೇ ಎಸ್ಟೇಟಿನ ಅಗ್ಗದ ವರ್ಷದ ವೈನ್ ತುಂಬುವುದು. ಆಗ ಗಾಜು ಅಸಲಿ, ಲೇಬಲ್ ಅಸಲಿ. ಸುಳ್ಳು ಹೊರಬೀಳುವುದು ಬಿರಡೆಯಲ್ಲಿ.

ಬಿರಡೆ ತೆಗೆದ ಮೇಲೆ ಅದರ ಪಕ್ಕದ ಮುದ್ರೆ ಓದಿ: ಎಸ್ಟೇಟಿನ ಹೆಸರು, ವರ್ಷ. ಅಂಕಿಗಳ ಮೇಲೆ ಕೆರೆದ ಗುರುತಿದೆಯೇ? ನಲವತ್ತು ವರ್ಷದ ಬಿರಡೆಯ ತಳಭಾಗ ಕಪ್ಪಗೆ ನೆನೆದಿರಬೇಕು, ಬಾಟಲಿಯ ಕೊರಳಿನ ಆಕಾರಕ್ಕೆ ಒತ್ತಿಕೊಂಡು ಸಪೂರವಾಗಿರಬೇಕು. ತೆಗೆದ ಕೂಡಲೇ ಹೊಸದರಂತೆ ಉಬ್ಬಿಕೊಂಡರೆ ಅದು ಇತ್ತೀಚಿನದು. ಬಿರಡೆಯಲ್ಲಿ ಹಿಂದೆ ಬಳಸಿದ ಸ್ಕ್ರೂವಿನ ಅಥವಾ ಅಲಗಿನ ಗೀರು ಕಂಡರೆ ಅದನ್ನು ಒಮ್ಮೆ ತೆಗೆದು ಮತ್ತೆ ಹಾಕಿದ್ದಾರೆ.

ಲೇಬಲ್ ಮೇಲೆ ‘ಮಿ ಆಂ ಬುತೇಯ್ ಓ ಶಾಟೋ’ (ಎಸ್ಟೇಟಿನಲ್ಲೇ ಬಾಟಲಿಗೆ ತುಂಬಿದ್ದು) ಎಂಬ ಸಾಲು ಇದ್ದೇ ಇರಬೇಕು. ಶ್ರೇಣೀಕೃತ (ಅಧಿಕೃತ ದರ್ಜೆ ಪಡೆದ) ಎಸ್ಟೇಟುಗಳು ತಮ್ಮಲ್ಲೇ ಬಾಟಲಿಗೆ ತುಂಬುವುದು 1972ರಿಂದ ಕಡ್ಡಾಯ. ಅದಕ್ಕೂ ಮುಂಚೆ ಪೀಪಾಯಿಯನ್ನೇ ಬೋರ್ಡೋ ಊರಿಗೋ ಲಂಡನ್ನಿಗೋ ಬ್ರಸೆಲ್ಸಿಗೋ ಕಳಿಸಿ ಅಲ್ಲಿನ ವರ್ತಕರು ತುಂಬಿಕೊಳ್ಳುತ್ತಿದ್ದುದುಂಟು.

ಒಗರು_ಹುಳಿ

ಎಸ್ಟೇಟಿನ ಬಗ್ಗೆಯೂ ಒಂದಿಷ್ಟು, ಏಕೆಂದರೆ ಡಿಕ್ಯಾಂಟ್ ಪ್ರಶ್ನೆಗೆ ಉತ್ತರ ಅಲ್ಲಿದೆ. ಲಾಟೂರ್ ಇರುವುದು ಬೋರ್ಡೋದ ಮೆಡಾಕ್ ಸೀಮೆಯ ಪೊಯಾಕ್ ಊರಿನಲ್ಲಿ, ಜಿರೋಂಡ್ ನದೀಮುಖದಿಂದ ಸುಮಾರು 300 ಮೀಟರ್ ದೂರದಲ್ಲಿ. ನೀರು ಹತ್ತಿರ ಇರುವುದರಿಂದ ವಸಂತದ ಹಿಮ ಬಿದ್ದರೂ ಇಲ್ಲಿ ಹೊಡೆತ ಕಡಿಮೆ, ಹಣ್ಣೂ ಬೇಗ ಮಾಗುತ್ತದೆ. ಲಾಂಕ್ಲೊ ಎಂದು ಕರೆಯುವ 47 ಹೆಕ್ಟೇರ್ ಹಳೆಯ ತೋಟದಿಂದಲೇ ಮುಖ್ಯ ವೈನ್. ಮೇಲೆ ದಪ್ಪ ಬೆಣಚುಗಲ್ಲಿನ ಪದರ, ಅಡಿಯಲ್ಲಿ ಜೇಡಿಮಣ್ಣು. ಕಲ್ಲು ನೀರು ಬಸಿಯುತ್ತದೆ, ಜೇಡಿಮಣ್ಣು ಬರಗಾಲಕ್ಕೆಂದು ಒಂದಿಷ್ಟು ಹಿಡಿದಿಡುತ್ತದೆ. ನೆಟ್ಟಿರುವುದರಲ್ಲಿ ಮುಕ್ಕಾಲು ಪಾಲು ಕ್ಯಾಬರ್ನೆ ಸೊವಿನ್ಯೋನ್: ಚಿಕ್ಕ ಹಣ್ಣು, ದಪ್ಪ ಸಿಪ್ಪೆ, ಹಾಗಾಗಿ ಟ್ಯಾನಿನ್ ಜಾಸ್ತಿ, ಎಳೆಯದರಲ್ಲಿ ಬಾಯಿ ಕಟ್ಟುವಷ್ಟು ಒಗರು. ಹದಿನೆಂಟನೆಯ ಶತಮಾನದಲ್ಲಿ ಇದೂ ಲಫೀತ್ ಎಸ್ಟೇಟೂ ನಿಕೊಲಾ-ಅಲೆಕ್ಸಾಂದ್ರ ದ ಸೆಗ್ಯೂರ್ ಒಬ್ಬನ ಕೈಯಲ್ಲೇ ಇದ್ದವು. ಬೋರ್ಡೋ ಎಸ್ಟೇಟುಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯಲ್ಲಿ ಲಫೀತ್, ಮಾರ್ಗೋ, ಓ-ಬ್ರಿಯೋಂ ಜೊತೆ ಮೊದಲ ದರ್ಜೆ. ಮುತೋನ್ ಆ ಸಾಲಿಗೆ ಸೇರಿದ್ದು 1973ರಲ್ಲಿ.

ಲೇಬಲ್ಲಿನ ಗೋಪುರ ನೋಡಿ ಅದೇ ತೋಟದಲ್ಲಿ ನಿಂತಿರುವ ಗೋಪುರ ಎಂದುಕೊಳ್ಳುವವರು ಬಹಳ. ಹೆಸರಿಗೆ ಕಾರಣವಾದ ಕೋಟೆಯ ಗೋಪುರ ಎಂದೋ ನೆಲಸಮವಾಗಿದೆ. ಈಗಿರುವುದು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಪಾರಿವಾಳದ ಗೂಡು.

ಈಗ 1982. ಬೆಚ್ಚನೆಯ ವರ್ಷ, ಫಸಲೂ ಹೇರಳ, ಸೆಪ್ಟೆಂಬರ್ ನಡುವಿನಲ್ಲಿ ಬಿಸಿಲಲ್ಲೇ ಕೊಯ್ಲು. ಬಿಸಿಯಾದ ಹಣ್ಣು ತೊಟ್ಟಿಗೆ ಬಿದ್ದರೆ ಹುದುಗುವಾಗ ಉಷ್ಣತೆ 35 ಡಿಗ್ರಿ ದಾಟುವ ಅಪಾಯ. ದಾಟಿದರೆ ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ, ಬ್ಯಾಕ್ಟೀರಿಯಾ ನುಗ್ಗಿ ವಿನೆಗರ್ ಹುಳಿ ಏಳುತ್ತದೆ. ಮರದ ತೊಟ್ಟಿಗಳಿದ್ದ ಅನೇಕರು ಪರದಾಡಿದ್ದು ಇದಕ್ಕೇ. ಲಾಟೂರ್ 1964ರಲ್ಲೇ ತಂಪು ಮಾಡಲು ಸುಲಭವಾದ ಸ್ಟೇನ್‌ಲೆಸ್ ಉಕ್ಕಿನ ತೊಟ್ಟಿ ಹಾಕಿಸಿತ್ತು. 1966ರಿಂದ ‘ಲೆ ಫೋರ್ ದ ಲಾಟೂರ್’ ಎಂಬ ಎರಡನೆಯ ವೈನ್ ಬೇರೆ ಇದ್ದುದರಿಂದ, ಫಸಲು ಜಾಸ್ತಿಯಾದಾಗ ಸಾಧಾರಣ ತೊಟ್ಟಿಗಳನ್ನು ಅತ್ತ ಕಳಿಸಲು ಜಾಗವಿತ್ತು.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಇದು ಮುಟ್ಟಿದರೆ ಮುರಿಯುವ ಮುದಿ ವೈನ್ ಅಲ್ಲ. ಮೂರು ಗಂಟೆ ಧೈರ್ಯವಾಗಿ ಡಿಕ್ಯಾಂಟ್ ಮಾಡಿ.

ನೆಲಮಾಳಿಗೆ

ಮೂರು ಗಂಟೆ ಎಂದು ಕಣ್ಣುಮುಚ್ಚಿ ಹೇಳುವುದನ್ನು ಒಪ್ಪಲಾರೆ. ನೀವು ಹೇಳುತ್ತಿರುವುದು ವರ್ಷದ ಗುಣ. ಅವರ ಎದುರಿಗಿರುವುದು ಒಂದು ಬಾಟಲಿ. ಒಂದೇ ಪೆಟ್ಟಿಗೆಯ ಹನ್ನೆರಡು ಬಾಟಲಿಗಳು ಬೇರೆಬೇರೆ ಮನೆಗಳಲ್ಲಿ ನಲವತ್ತು ವರ್ಷ ಕಳೆದರೆ ಹನ್ನೆರಡು ಬೇರೆ ವೈನ್ ಆಗಿರುತ್ತವೆ. ಎಮಿಲ್ ಪೆನೊ ಬೋರ್ಡೋ ವೈನ್ ತಯಾರಿಕೆಯನ್ನೇ ತಿದ್ದಿದವರು. ಅವರ ಸಲಹೆ: ಗಷ್ಟು (ತಳದ ಮಡ್ಡಿ) ಇದ್ದರೆ ಮಾತ್ರ ಡಿಕ್ಯಾಂಟ್, ಅದೂ ಬಡಿಸುವ ಹೊತ್ತಿಗೆ. ಹಳೆಯ ವೈನಿನ ಪರಿಮಳ ತೆಳು. ಹೊರಟುಹೋದದ್ದನ್ನು ವಾಪಸ್ ತರಲಾಗುವುದಿಲ್ಲ.

ಒಗರು_ಹುಳಿ

ಪೆನೊ ಮಾತು ಸರಿ, ಆದರೆ ಅವರು ಎಲ್ಲ ವೈನಿಗೂ ಒಂದೇ ನಿಯಮ ಹೇಳಿದರು. 1982ರ ಲಾಟೂರ್ ತೆರೆದ ಕೂಡಲೇ ಮುಚ್ಚಿಕೊಂಡಂತಿರುತ್ತದೆ. ಗ್ಲಾಸಿನಲ್ಲಿ ಅರ್ಧ ಗಂಟೆ ಕಳೆದ ಮೇಲೆ ಬಾಯಿ ಬಿಡುತ್ತದೆ. ಹಾಗಾದರೆ ಹೀಗೆ ಮಾಡಲಿ: ಊಟಕ್ಕೆ ಎರಡು ಗಂಟೆ ಮೊದಲು ಬಿರಡೆ ತೆಗೆದು, 30 ಮಿಲಿಲೀಟರ್ ಸುರಿದು ಮೂಸಲಿ, ಒಂದು ಗುಟುಕು ಕುಡಿಯಲಿ. ಬಣ್ಣ ನಡುವಿನಲ್ಲಿ ಗಾಢವಾಗಿದ್ದು, ಒಗರು ಇನ್ನೂ ಹಿಡಿಯುತ್ತಿದ್ದು, ವಾಸನೆ ಕಡಿಮೆ ಇದ್ದರೆ ಆಗಲೇ ಡಿಕ್ಯಾಂಟರಿಗೆ. ಪರಿಮಳ ಈಗಾಗಲೇ ಬಿಚ್ಚಿಕೊಂಡಿದ್ದರೆ ಬಿರಡೆಯನ್ನು ಸಡಿಲವಾಗಿ ಇಟ್ಟು, ಬಡಿಸಲು ಹತ್ತು ನಿಮಿಷ ಇದೆ ಎನ್ನುವಾಗ ಸುರಿಯಲಿ.

ನೆಲಮಾಳಿಗೆ

ಇದಕ್ಕೆ ನನ್ನ ತಕರಾರಿಲ್ಲ. ಒಂದು ಸೇರಿಕೆ: ಅಗಲ ತಳದ ದೊಡ್ಡ ಡಿಕ್ಯಾಂಟರ್ ಬೇಡ. ಸಪೂರ ಕೊರಳಿನದು, ತುಂಬಿದಾಗ ವೈನಿನ ಮೇಲ್ಮೈ ಚಿಕ್ಕದಾಗುವಂಥದ್ದು.

ಬಿರಡೆಬಿಚ್ಚು

ತೆರೆಯುವ ಕೆಲಸಕ್ಕೆ ಬರೋಣ. ಅತ್ಯಂತ ಹೆಚ್ಚು ಹಾಳಾಗುವುದು ಇಲ್ಲೇ.

ಗೋದಾಮಿನಿಂದ ತಂದ ಮೇಲೆ ಕನಿಷ್ಠ ಮೂರು ದಿನ ನೆಟ್ಟಗೆ ನಿಲ್ಲಿಸಿ, ವಾರ ಸಿಕ್ಕರೆ ವಾರ. ಹಳೆಯ ಬೋರ್ಡೋದ ಗಷ್ಟಿನಲ್ಲಿ ಎರಡು ಬಗೆ. ಟಾರ್ಟಾರಿಕ್ ಆಮ್ಲದ ಉಪ್ಪು ಹರಳಾಗಿ ಬೇಗ ತಳ ಸೇರುತ್ತದೆ. ಟ್ಯಾನಿನ್ನೂ ಬಣ್ಣದ ಅಣುಗಳೂ ಒಂದಕ್ಕೊಂದು ಕೂಡಿಕೊಂಡು ಭಾರವಾಗಿ ಉದುರಿದ ನುಣ್ಣನೆಯ ಮಡ್ಡಿ ಇಳಿಯಲು ದಿನಗಳು ಬೇಕು. ಒಗರು ಮೆತ್ತಗಾಗುವುದು, ಬಣ್ಣ ಇಟ್ಟಿಗೆ ಕಡೆ ತಿರುಗುವುದು, ತಳದಲ್ಲಿ ಮಡ್ಡಿ ಕೂರುವುದು, ಮೂರಕ್ಕೂ ಬೇರು ಇದೇ. ನುಣ್ಣನೆಯ ಮಡ್ಡಿ ಕದಡಿದರೆ ವೈನ್ ಕಹಿಯಾಗುತ್ತದೆ, ಬಾಯಲ್ಲಿ ಮರಳು ಸಿಕ್ಕಂತಾಗುತ್ತದೆ.

ಕ್ಯಾಪ್ಸೂಲನ್ನು ಪೂರ್ತಿ ತೆಗೆದುಬಿಡಿ, ಕತ್ತು ಕಾಣಬೇಕು. ಆ ಕಾಲದ ಕ್ಯಾಪ್ಸೂಲ್‌ಗಳಲ್ಲಿ ಸೀಸ ಇರುತ್ತಿತ್ತು. 1990ರ ದಶಕದಲ್ಲಿ ನಿಷೇಧವಾಯಿತು. ಬಾಟಲಿಯ ಬಾಯಿಯ ಸುತ್ತ ಬಿಳಿಪುಡಿ ಇದ್ದರೆ ಅದು ಸೀಸದ ಲವಣವಿರಬಹುದು. ಒದ್ದೆ ಬಟ್ಟೆಯಲ್ಲಿ ಎರಡು ಸಲ, ಬಿರಡೆ ತೆಗೆದ ಮೇಲೆ ಒಳ ಅಂಚನ್ನೂ ಒಮ್ಮೆ ಒರೆಸಿ. ಬಿರಡೆಯ ತಲೆಯ ಮೇಲೆ ಕಪ್ಪು ಬೂಷ್ಟು ಕಂಡರೆ ಗಾಬರಿ ಬೇಡ, ತೇವವಾದ ನೆಲಮಾಳಿಗೆಯಲ್ಲಿ ಅದು ಮಾಮೂಲು.

ಸಾಮಾನ್ಯ ಸ್ಕ್ರೂ ಹಾಕಿದರೆ ನಡುವಿನ ಭಾಗ ಮಾತ್ರ ಕಿತ್ತು ಬರುತ್ತದೆ, ಸುತ್ತಲಿನದು ಗಾಜಿಗೆ ಅಂಟಿಯೇ ಇರುತ್ತದೆ. ಎರಡು ಅಲಗಿನ ‘ಆ-ಸೋ’ ಪಕ್ಕದಿಂದ ಹಿಡಿಯುತ್ತದೆ, ಆದರೆ ಬಿರಡೆ ಸಡಿಲವಾಗಿದ್ದರೆ ಅದನ್ನೇ ಒಳಕ್ಕೆ ತಳ್ಳಿಬಿಡುತ್ತದೆ. ಇವೆರಡನ್ನೂ ಕೂಡಿಸಿದ ‘ಡ್ಯುರಾಂಡ್’ ಸಿಕ್ಕರೆ ಅದೇ ಉತ್ತಮ. ಮೊದಲು ಸ್ಕ್ರೂವನ್ನು ನಡುಮಧ್ಯಕ್ಕೆ ನೆಟ್ಟಗೆ ಇಳಿಸಿ, ಅದರ ಅಡ್ಡಪಟ್ಟಿ ಬಾಟಲಿಯ ಬಾಯಿಗೆ ತಾಗುವವರೆಗೆ. ಆಮೇಲೆ ಉದ್ದದ ಅಲಗನ್ನು ಮೊದಲು, ಗಿಡ್ಡದನ್ನು ನಂತರ, ಬಿರಡೆಗೂ ಗಾಜಿಗೂ ನಡುವೆ ತೂರಿಸಿ ಅತ್ತಿತ್ತ ಅಲುಗಿಸುತ್ತ ಇಳಿಸಿ. ಕೊನೆಗೆ ಎರಡನ್ನೂ ಒಟ್ಟಿಗೆ ಹಿಡಿದು ತಿರುಗಿಸುತ್ತ ಮೇಲೆತ್ತಿ. ನೇರವಾಗಿ ಎಳೆಯಬೇಡಿ. ಉತ್ತಮ ಬೋರ್ಡೋ ಬಿರಡೆ ಐದು ಸೆಂಟಿಮೀಟರಿಗೂ ಉದ್ದ, ಅವಸರ ಮಾಡಿದರೆ ಅರ್ಧಕ್ಕೆ ತುಂಡಾಗುತ್ತದೆ.

ತುಂಡು ಒಳಗೆ ಬಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಸ್ಟೀಲ್ ಟೀ ಸೋಸಣಿಗೆಯ ಮೂಲಕ ಡಿಕ್ಯಾಂಟರಿಗೆ ಸುರಿದರಾಯಿತು. ಕಾಫಿ ಫಿಲ್ಟರ್ ಕಾಗದ ಬೇಡ, ಕಾಗದದ ವಾಸನೆ ಹಿಡಿಯುತ್ತದೆ.

ಸುರಿಯುವಾಗ ಕತ್ತಿನ ಬುಡಕ್ಕೆ ಸರಿಯಾಗಿ ಕೆಳಗೆ ಮೇಣದಬತ್ತಿ ಅಥವಾ ಚಿಕ್ಕ ಟಾರ್ಚ್. ಒಂದೇ ಧಾರೆ, ನಡುವೆ ನಿಲ್ಲಿಸಿದರೆ ವೈನ್ ಹಿಂದಕ್ಕೆ ಬಡಿದು ಮಡ್ಡಿ ಏಳುತ್ತದೆ. ಕಪ್ಪು ದಾರದಂಥ ಗೆರೆ ಹೆಗಲಿಗೆ ಬಂದಾಗ ನಿಲ್ಲಿಸಿ. ತಳದಲ್ಲಿ 40ರಿಂದ 60 ಮಿಲಿಲೀಟರ್ ಉಳಿಯಲಿ. ಆರು ಜನಕ್ಕೆ ತಲಾ ಸುಮಾರು 115 ಮಿಲಿಲೀಟರ್ ಬರುತ್ತದೆ.

ಡಿಕ್ಯಾಂಟರನ್ನು ಸೋಪಿನಲ್ಲಿ ತೊಳೆಯಬೇಡಿ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ. ಕಪಾಟಿನಲ್ಲಿ ಮುಚ್ಚಿಟ್ಟ ಗ್ಲಾಸುಗಳಿಗೂ ಮರದ ವಾಸನೆ ಹಿಡಿದಿರುತ್ತದೆ, ಮೊದಲೇ ಮೂಸಿ ನೋಡಿ.

ಮಸೂರ

ಬಿರಡೆ ತೆಗೆಯದೆ ಕೊರಾವಿನ್ ಸೂಜಿಯಲ್ಲಿ ಸ್ವಲ್ಪ ತೆಗೆದು ರುಚಿ ನೋಡಿದರೆ?

ಬಿರಡೆಬಿಚ್ಚು

ಬೇಡ. ಎಳೆಯ ಬಿರಡೆ ಸೂಜಿ ಹೊರಬಂದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಲವತ್ತು ವರ್ಷದ್ದಕ್ಕೆ ಆ ಪುಟಿತ ಉಳಿದಿರುವುದಿಲ್ಲ. ಬಾಟಲಿ ವಾಲಿಸುವಾಗ ಮಡ್ಡಿಯೂ ಕದಡುತ್ತದೆ.

ಗಷ್ಟು

ತೆರೆದ ಮೇಲೆ ಬರುವ ವಾಸನೆಗಳಲ್ಲಿ ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕೈಮುಗಿಯಬೇಕು ಗೊತ್ತಿರಲಿ. ಮೊದಲ ಐದು-ಹತ್ತು ನಿಮಿಷ ಮುಚ್ಚಿದ ಕೋಣೆಯ ಕಮಟು ಬರಬಹುದು, ಗ್ಲಾಸ್ ಆಡಿಸುತ್ತಿದ್ದಂತೆ ಹೋಗುತ್ತದೆ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಹೊತ್ತು ಕಳೆದಂತೆ ಜಾಸ್ತಿಯಾದರೆ ಅದು ಟಿಸಿಎ, ಬಿರಡೆಯಿಂದ ಬಂದ ದೋಷ. ಬಿರಡೆಯನ್ನು ಕ್ಲೋರಿನ್‌ನಲ್ಲಿ ಬಿಳುಪು ಮಾಡುತ್ತಿದ್ದ ಕಾಲದ ಬಾಟಲಿಗಳಲ್ಲಿ ಇದರ ಕಾಟ ಹೆಚ್ಚು. ಒಂದು ಲೀಟರಿಗೆ ಕೆಲವೇ ನ್ಯಾನೊಗ್ರಾಂ ಸಾಕು, ಹಣ್ಣಿನ ಪರಿಮಳವೆಲ್ಲ ಸತ್ತುಹೋಗುತ್ತದೆ. ಇದಕ್ಕೆ ಮದ್ದಿಲ್ಲ. ನೈಲ್ ಪಾಲಿಶ್ ತೆಗೆಯುವ ದ್ರವದ ಚುರುಕು ವಾಸನೆ ತುಸು ಇದ್ದರೆ ಹಳೆಯ ವೈನಿಗೆ ಕ್ಷಮೆ ಉಂಟು, ಮೂಗು ಚುಚ್ಚಿದರೆ ಇಲ್ಲ. ಕೊಯ್ದಿಟ್ಟ ಸೇಬು ಕಂದಿದ ವಾಸನೆ, ಟೀ ಡಿಕಾಕ್ಷನ್‌ನಂಥ ಕಂದು ಬಣ್ಣ ಎರಡೂ ಕೂಡಿದರೆ ಗಾಳಿ ಒಳಹೊಕ್ಕಿದೆ, ವೈನ್ ಮುಗಿದಿದೆ. ಲಾಯದ ವಾಸನೆ ಬ್ರೆಟ್ ಯೀಸ್ಟ್‌ನದು. ಆ ಕಾಲದ ಬೋರ್ಡೋದಲ್ಲಿ ಅಪರೂಪವಲ್ಲ, ಕೆಲವರಿಗೆ ಅದೇ ಇಷ್ಟ.

ಆರೋಗ್ಯವಾಗಿದ್ದರೆ ಸಿಗಬೇಕಾದದ್ದು: ಒಣಗಿದ ಬ್ಲ್ಯಾಕ್‌ಕರೆಂಟ್, ದೇವದಾರು ಮರ, ಪೆನ್ಸಿಲ್ ಹೆರೆದಾಗಿನ ವಾಸನೆ, ಹೊಗೆಸೊಪ್ಪು, ತೊಗಲು. ಅಂಚಿನಲ್ಲಿ ಇಟ್ಟಿಗೆ ಬಣ್ಣ, ನಡುವೆ ಇನ್ನೂ ಕೆಂಪು.

ನಂದಿಬೆಟ್ಟದ_ಬಳ್ಳಿ

ಇಂಥದ್ದನ್ನು ಬೆಂಗಳೂರಿಗೆ ತರುವವರಿಗೂ ಒಂದು ಮಾತು ಹೇಳಿಬಿಡಿ. ಪ್ರಯಾಣಿಕರು ಸುಂಕವಿಲ್ಲದೆ ಎರಡು ಲೀಟರ್ ತರಬಹುದಲ್ಲ.

ನೆಲಮಾಳಿಗೆ

ತರಬಹುದು. ಆದರೆ ವಿಮಾನದಲ್ಲಿ ಕುಲುಕಿ ಬಂದ ಹಳೆಯ ಬಾಟಲಿಗೆ ಎರಡು-ಮೂರು ವಾರ ವಿಶ್ರಾಂತಿ ಕೊಡದೆ ತೆರೆಯಬೇಡಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಗಲು 34-35 ಡಿಗ್ರಿ, ರಾತ್ರಿ ಇಳಿಯುತ್ತದೆ. ಮೇಲೆ ಹೇಳಿದ ಏರಿಳಿತ ಇದೇ. ಅಡುಗೆಮನೆ ಫ್ರಿಜ್ ಆ ಕೆಲವು ವಾರಕ್ಕೆ ಪರವಾಗಿಲ್ಲ, ವರ್ಷಗಟ್ಟಲೆಗೆ ಆಗದು: 4 ಡಿಗ್ರಿ ತೀರ ತಂಪು, ಗಾಳಿಯೂ ಒಣ. ದೀರ್ಘಕಾಲಕ್ಕೆ 12-14 ಡಿಗ್ರಿಯ ವೈನ್ ಕ್ಯಾಬಿನೆಟ್ ಬೇಕು, ಕರೆಂಟ್ ಹೋದರೂ ತಂಪು ಹಿಡಿಯುವ ದಪ್ಪ ಗೋಡೆಯದು.

ಬಡಿಸುವಾಗ 16-17 ಡಿಗ್ರಿ. ರೂಮಿನ ಉಷ್ಣತೆಯಲ್ಲಿ ಬಡಿಸಿ ಎಂಬ ಮಾತು ಚಳಿದೇಶದ ಹಳೆಯ ಮನೆಗಳದು. ನಮ್ಮ 28 ಡಿಗ್ರಿ ಕೋಣೆಯಲ್ಲಿ ಮದ್ಯದ ವಾಸನೆಯೊಂದೇ ಮೇಲೇಳುತ್ತದೆ.

ನಂದಿಬೆಟ್ಟದ_ಬಳ್ಳಿ

ನಂದಿಬೆಟ್ಟದ ಸುತ್ತಲಿನ ವೈನನ್ನೂ ಹೀಗೆ ಇಡಬಹುದೇ?

ಒಗರು_ಹುಳಿ

ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್ ಇಡಬೇಡಿ, ಅದಕ್ಕೆ ಹಳತಾಗುವ ಕಸುವಿಲ್ಲ. ದೊಡ್ಡಬಳ್ಳಾಪುರದ ಗ್ರೋವರ್‌ಗೆ ಬೋರ್ಡೋದ ಮಿಶೆಲ್ ರೋಲಾಂ ಸಲಹೆ ಕೊಟ್ಟವರು. ಅಲ್ಲಿನ ಕ್ಯಾಬರ್ನೆ-ಶಿರಾಜ್ ಕೆಲವು ವರ್ಷ ತಡೆಯುತ್ತದೆ. ಲಾಟೂರ್ ಜೊತೆ ತೂಗುವುದು ಎರಡಕ್ಕೂ ಅನ್ಯಾಯ.

ಥೇಮ್ಸ್‌ದಂಡೆ

ಊಟಕ್ಕೆ ಏನಿರಲಿ? ಇಬ್ಬರು ಸಸ್ಯಾಹಾರಿಗಳಿದ್ದಾರೆ.

ಒಗರು_ಹುಳಿ

ಪೊಯಾಕ್‌ನವರು ಎಳೆಕುರಿ ಮಾಂಸ ಇಡುತ್ತಾರೆ, ಅದಕ್ಕಿಂತ ಹೊಂದುವುದು ಮತ್ತೊಂದಿಲ್ಲ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಉಪ್ಪು-ಕಾಳುಮೆಣಸು ಕಡಿಮೆ. ಗಟ್ಟಿ ಚೀಸ್‌ನಲ್ಲಿ ಕೊಂತೆ. ಖಾರ, ಹುಣಸೆಹುಳಿ, ಇಂಗಿನ ಒಗ್ಗರಣೆ ಆ ರಾತ್ರಿ ದೂರವಿರಲಿ. ಖಾರಕ್ಕೆ ಒಗರು ಸೇರಿದರೆ ನಾಲಿಗೆ ಉರಿಯುತ್ತದೆ, ವೈನ್ ಕಾಣೆಯಾಗುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ವಿಷಯ ಮೊದಲೇ ತಿಳಿಸಿ: ಮೆಡಾಕ್‌ನಲ್ಲಿ 225 ಲೀಟರಿನ ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿಭಾಗ ಹಾಕಿ ವೈನ್ ತಿಳಿಮಾಡುವುದು ಹಳೆಯ ವಾಡಿಕೆ. ಅದು ಮಡ್ಡಿಯ ಜೊತೆ ತಳ ಸೇರಿ ಪೀಪಾಯಲ್ಲೇ ಉಳಿಯುತ್ತದೆ, ಆದರೂ ಕೆಲವರಿಗೆ ಒಪ್ಪಿಗೆಯಾಗದು.

ಥೇಮ್ಸ್‌ದಂಡೆ

ಕೊನೆಯದು. ಇದೇ ವೈನ್ ಎಸ್ಟೇಟಿನಿಂದ ನೇರವಾಗಿ ಬಂದದ್ದು ಸಿಕ್ಕರೆ ಹೆಚ್ಚು ಬೆಲೆ ಕೊಡುವುದು ಸರಿಯೇ?

ನೆಲಮಾಳಿಗೆ

ಕುಡಿಯಲಿಕ್ಕಾದರೆ ಸರಿ. ಲಾಟೂರ್ 2012ರಲ್ಲಿ ಪೀಪಾಯಿ ಹಂತದ ಮುಂಗಡ ಮಾರಾಟದಿಂದ ಹೊರಬಂತು. 2011ರ ವೈನೇ ಆ ರೀತಿ ಮಾರಿದ ಕೊನೆಯದು. ಈಗ ತಮ್ಮ ನೆಲಮಾಳಿಗೆಯಲ್ಲೇ ಇಟ್ಟು, ಹದಕ್ಕೆ ಬಂದಿದೆ ಎನಿಸಿದಾಗ ಬಿಡುತ್ತಾರೆ. ತುಂಬಿದ ಜಾಗ ಬಿಟ್ಟು ಕದಲದ ಬಾಟಲಿ ಅದು. ಹೂಡಿಕೆಗೆಂದು ಕೊಳ್ಳುವವರಿಗೆ ಲೆಕ್ಕ ಬೇರೆ, ಏಕೆಂದರೆ ಇಟ್ಟುಕೊಂಡ ವರ್ಷಗಳ ಲಾಭವನ್ನು ಎಸ್ಟೇಟೇ ಮೊದಲು ಎಣಿಸಿಕೊಂಡಿರುತ್ತದೆ.

ಗಷ್ಟು

ಕುಡಿದಾದ ಮೇಲೆ ಲೇಬಲ್ ಮೇಲೆ ಮಾರ್ಕರ್‌ನಲ್ಲಿ ಅಡ್ಡ ಗೆರೆ ಎಳೆಯಿರಿ, ಬಿರಡೆಯನ್ನು ನೀವೇ ಇಟ್ಟುಕೊಳ್ಳಿ. ಲಾಟೂರ್ 1982ರ ಖಾಲಿ ಬಾಟಲಿಗೂ ಗಿರಾಕಿಗಳಿದ್ದಾರೆ. ತಳದ ಮಡ್ಡಿಯನ್ನು ಚೆಲ್ಲದೆ ಮಲ್ ಬಟ್ಟೆಯಲ್ಲಿ ಸೋಸಿ, ಮಾಂಸದ ರಸ ಕುದಿಯುವಾಗ ಹಾಕಬಹುದು.